ಕಾಳಿ ನದಿಗೆ ಕನ್‌ಫರ್ಮ್ ಟಿಕೆಟ್ಟಾ?

‘ದಾಂಡೇಲಿ ರಾಫ್ಟಿಂಗ್, ಅರ್ಧ ರೇಟು, ನೂರಕ್ಕೆ ನೂರು ಕನ್‌ಫರ್ಮ್, ಎರಡೇ ಸೀಟು ಬಾಕಿ.’ ಇನ್‌ಸ್ಟಾಗ್ರಾಮಿನಲ್ಲಿ ಇಂಥದ್ದು ಕಂಡರೆ ಸಾಕು, ತರಕಾರಿಗೆ ಹತ್ತು ರೂಪಾಯಿ ಚೌಕಾಸಿ ಮಾಡೋ ಬೆಂಗಳೂರಿನ ಜಾಣರು ಗುರುತಿಲ್ಲದವನಿಗೆ ಸಾವಿರಗಟ್ಟಲೆ ಅಡ್ವಾನ್ಸ್ ಕಳಿಸಿಬಿಡ್ತಾರೆ.

ಸ್ವಲ್ಪ ಯೋಚಿಸಿ ಸ್ವಾಮಿ. ಗಣೇಶಗುಡಿಯಲ್ಲಿ ರಾಫ್ಟ್ ಇಳಿಯೋದು ಸೂಪಾ ಅಣೆಕಟ್ಟಿನಿಂದ ನೀರು ಬಿಟ್ಟರೆ. ಬಿಡೋದು ಕರ್ನಾಟಕ ವಿದ್ಯುತ್ ನಿಗಮ, ವಾಟ್ಸಾಪ್ ಏಜೆಂಟ್ ಅಲ್ಲ. ‘ನೀರು ಬಿಟ್ಟರೆ ಮಾತ್ರ’ ಅನ್ನೋನನ್ನು ನಂಬಬಹುದು. ‘ನೂರಕ್ಕೆ ನೂರು’ ಅನ್ನೋನು ಮಾರ್ತಿರೋದು ನಿಮ್ಮ ಆತುರವನ್ನೇ.

ಮೋಸ ಹೋದಮೇಲೆ ‘ದಾಂಡೇಲಿಯವರೇ ಹೀಗೆ’ ಅಂತ ಬರೆದು, ಜೋಯಿಡಾದಲ್ಲಿ ನಿಯತ್ತಾಗಿ ಹೋಂಸ್ಟೇ ನಡೆಸುವವರ ಅನ್ನಕ್ಕೆ ಕಲ್ಲು ಹಾಕೋದು ಇನ್ನೊಂದು ಅನ್ಯಾಯ. ಎಲ್ಲೋ ಕೂತ ಕಳ್ಳನ ಪಾಪಕ್ಕೆ ಅವರೇಕೆ ದಂಡ ಕಟ್ಟಬೇಕು?

ಜಾಹೀರಾತಿನ ನಂಬರ್ ಬಿಡಿ, ರೆಸಾರ್ಟಿನ ನಂಬರನ್ನು ಬೇರೆ ಕಡೆ ಹುಡುಕಿ ಮಾತಾಡಿ. ಯುಪಿಐ ತೋರಿಸೋ ಹೆಸರು ಓದಿ. ‘ರೀಫಂಡ್‌ಗೆ ಪಿನ್ ಹಾಕಿ’ ಅಂದರೆ ಫೋನ್ ಇಡಿ. ದುಡ್ಡು ಪಡೆಯೋಕೆ ಪಿನ್ ಬೇಡ. ದುಡ್ಡು ಹೋಗಿಯೇಬಿಟ್ಟರೆ ನಾಚಿಕೆ ಪಡುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ.