ಯಂತ್ರ ಮೀನು ತೋರಿಸುತ್ತದೆ, ಮಿತಿ ತೋರಿಸುವುದಿಲ್ಲ

ಪೀಣ್ಯದ ಹತ್ತಿರ ಜಾಲಹಳ್ಳಿಯಲ್ಲಿರುವ ಬಿಇಎಲ್ ಸಂಸ್ಥೆ ನೌಕಾಪಡೆಗೆ ಸೋನಾರ್ ತಯಾರಿಸುತ್ತದೆ. ಮೀನುಗಾರಿಕೆ ದೋಣಿಗಳ ‘ಫಿಶ್ ಫೈಂಡರ್’ ಕೂಡ ಅದೇ ತತ್ವದ್ದು. ಸಮುದ್ರದ ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. ತಳಕ್ಕೆ ಬಡಿದ ಶಬ್ದ 0.1 ಸೆಕೆಂಡಿನಲ್ಲಿ ವಾಪಸ್ ಬಂದರೆ ಆಳ 75 ಮೀಟರ್. ಮೀನಿನ ಹೊಟ್ಟೆಯ ಗಾಳಿಚೀಲವೂ ಶಬ್ದವನ್ನು ಮರಳಿಸುವುದರಿಂದ ಪರದೆಯಲ್ಲಿ ಹಿಂಡು ಕಾಣುತ್ತದೆ.

ಎಷ್ಟು ಹಿಡಿಯಬೇಕು ಎಂದು ಮಾತ್ರ ಯಂತ್ರ ಹೇಳುವುದಿಲ್ಲ. ಮರಿಮೀನು ಹಿಡಿಯುವುದೆಂದರೆ ಲಾಭ ಬಿಟ್ಟು ಬಂಡವಾಳವನ್ನೇ ಕರಗಿಸಿದಂತೆ. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ದೋಣಿಗಳಿಗೆ ನಿಷೇಧವಿದೆ. ಯಂತ್ರ ಚುರುಕಾದಷ್ಟೂ ಇಂಥ ನಿಯಮ ಬಿಗಿಯಾಗಬೇಕು. ಸಮುದ್ರ ದೂರವಿದ್ದರೂ ಗಿರಾಕಿಗಳು ನಾವೇ. ಅಗ್ಗವೆಂದು ಮರಿಮೀನು ಕೊಳ್ಳುವುದನ್ನು ನಾವು ಮೊದಲು ನಿಲ್ಲಿಸೋಣ.