ಶರಣರ ವೇಷಭೂಷಣ

ಬಸವ ಜಯಂತಿಯಂದು ಹೊನ್ನಾಳಿ ಸೀಮೆಯ ಶಾಲಾರಂಗದ ಮೇಲೆ ಬಸವಣ್ಣನವರು ಬಾಡಿಗೆಯ ಮಖಮಲ್ಲಿನ ಅಂಗಿ ತೊಟ್ಟು ಬರುವುದುಂಟು. ಹಿಂದಿನ ವಾರ ಅದೇ ಅಂಗಿಯನ್ನು ದುರ್ಯೋಧನನು ತೊಟ್ಟಿದ್ದರೆ ಆಶ್ಚರ್ಯವಿಲ್ಲ! ಈ ಜರತಾರಿಯ ವೈಭವವು 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯಂತಹ ವೃತ್ತಿ ನಾಟಕ ಮಂಡಳಿಗಳು ಬೆಳೆಸಿದ್ದು. ಪೌರಾಣಿಕ ನಾಟಕಕ್ಕೆ ಅದು ಸೊಗಸೇ ಸರಿ. ಕಾಯಕಜೀವಿಗಳಾದ ಶರಣರ ಮೈಮೇಲಾದರೋ ಅವರ ನುಡಿಯನ್ನೇ ಅಣಕಿಸುತ್ತದೆ.

ನೆರೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಮಕ್ಕಳನ್ನು ಕರೆದೊಯ್ದು ಕೇದಾರೇಶ್ವರ ದೇವಾಲಯವನ್ನು ತೋರಿಸಬೇಕು. ಆ ಕಾಲದ ಶಿಲ್ಪಗಳಲ್ಲಿ ಕಾಣುವುದು ಬಹುಮಟ್ಟಿಗೆ ಉಟ್ಟ, ಹೊದೆದ ವಸ್ತ್ರ. ಹೊಲಿಗೆಯೇ ಇರಲಿಲ್ಲವೆಂದಲ್ಲ, ಸೂಜಿಕಾಯಕದ ರಾಮಿತಂದೆಯೂ ವಚನಕಾರರಲ್ಲೊಬ್ಬ. ಬಟ್ಟೆ ನೇಯ್ದ ಜೇಡರ ದಾಸಿಮಯ್ಯನನ್ನು ರೇಷ್ಮೆಯಲ್ಲಿ ಮೆರೆಸುವುದು ಯಾವ ನ್ಯಾಯ?

ಶಾಲೆಯು ಬಾಡಿಗೆಯ ಹಣದಲ್ಲಿ ಕೈಮಗ್ಗದ ಪಂಚೆ, ಶಲ್ಯ, ಸೀರೆಗಳನ್ನು ಕೊಂಡು ತನ್ನದೇ ವಸ್ತ್ರಭಂಡಾರವನ್ನು ಕಟ್ಟಿಕೊಳ್ಳಬಹುದು. ಉಡುವ ಬಟ್ಟೆಗೆ ಅಳತೆಯ ತೊಡಕಿಲ್ಲ. ಈ ವರ್ಷ ಆರನೆಯ ತರಗತಿಯವನು ಉಟ್ಟದ್ದನ್ನು ಮುಂದಿನ ವರ್ಷ ಹತ್ತನೆಯವನು ಉಡಬಹುದು. ಅಂಚು ಮಡಿಸಿ ಹೊಲಿಯುವುದನ್ನು ಮಕ್ಕಳೇ ಕಲಿಯಲಿ, ಗಂಡುಮಕ್ಕಳೂ ಸಹ. ಬಿಜ್ಜಳನ ಆಸ್ಥಾನಕ್ಕೆ ಮಾತ್ರ ನಾಲ್ಕಾರು ಜರಿಯಂಚಿನ ಉತ್ತರೀಯಗಳು ಸಾಕು. ದಾನಿಗಳು ಪಾರಿತೋಷಕಗಳಿಗೆಂದು ಕೊಡುವುದರಲ್ಲಿ ಒಂದು ಪಾಲು ಇದಕ್ಕೆ ಸಲ್ಲಲಿ. ಜೊತೆಗೆ ಹುಳು ಹೊಗದಂತಹ ಒಂದು ಬೀರುವೂ ಬೇಕಾಗುತ್ತದೆ.