ಕುಂತಿಬೆಟ್ಟದ ಕಲ್ಲು

ಮಂಡ್ಯ ಜಿಲ್ಲೆಯೆಂದೊಡನೆ ಹೊರಗಿನವರಿಗೆ ನೆನಪಾಗುವುದು ಕಬ್ಬು, ಬತ್ತ ಮತ್ತು ನಾಲೆ. ಪಾಂಡವಪುರದ ಬಳಿಯ ಕುಂತಿಬೆಟ್ಟವನ್ನು ಕಂಡವರಿಗೆ ಮಾತ್ರ ಈ ಸೀಮೆಯ ಇನ್ನೊಂದು ಮುಖವೂ ತಿಳಿದೀತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದ ಕಾರಣ ಊರಿಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಬಂದಿತ್ತು. ಜನರ ಬಾಯಲ್ಲಿ ಇದು ಕುಂತಿಯೂ ಪಾಂಡವರೂ ತಂಗಿದ್ದ ಬೆಟ್ಟ. ಕಲ್ಲು ಹೇಳುವ ಕಥೆಯಾದರೋ ಇವೆರಡಕ್ಕಿಂತಲೂ ಹಳೆಯದು.

ನಮ್ಮ ಜಿಲ್ಲೆಯ ಬಹುಭಾಗಕ್ಕೆ ತಳಹದಿಯಾಗಿರುವ ಶಿಲೆಯನ್ನು ಭೂವಿಜ್ಞಾನಿಗಳು ‘ಪೆನಿನ್ಸುಲಾರ್ ನೈಸ್’ ಎನ್ನುತ್ತಾರೆ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಅದರಲ್ಲಿನ ಬಿಳಿಯ ಪಟ್ಟೆ ಬೆಣಚು ಮತ್ತು ಫೆಲ್ಡ್‌ಸ್ಪಾರ್. ಕರಿಯ ಪಟ್ಟೆಯಲ್ಲಿ ಕಾಗೆಬಂಗಾರ. ಇಂಥ ಶಿಲೆ ಭೂಮಿಯ ಆಳದಲ್ಲಿ ರೂಪುಗೊಂಡದ್ದು. ಮೇಲಿನ ಹೊದಿಕೆ ಸವೆದುಹೋದಂತೆ ಭಾರ ಇಳಿದು ಬಂಡೆ ಬಿರುಕುಬಿಟ್ಟಿತು; ಬಿರುಕಿಗೆ ಮಳೆನೀರು ಇಳಿಯಿತು; ಮೂಲೆಗಳು ಮೊದಲು ಸವೆದು ಗುಂಡುಗಳು ಉಳಿದವು. ಯಾರೋ ಪೇರಿಸಿಟ್ಟಂತೆ ಕಾಣುವ ಗುಂಡುಗಳ ಗುಟ್ಟು ಇದು. ಶಿಲೆ ಹೀಗೆ ಶಿಥಿಲವಾಗಿ ಆದ ಕೆಂಪು ಮಣ್ಣಿನಲ್ಲಿಯೇ ನಮ್ಮ ರಾಗಿ ಬೆಳೆಯುತ್ತದೆ.

ಹಾಗಾದರೆ ಕಲ್ಲು ಒಡೆಯಲೇ ಬಾರದೆ? ಹಾಗೆನ್ನುವುದು ಕೃತಘ್ನತೆಯಾದೀತು. ಕನ್ನಂಬಾಡಿ ಕಟ್ಟೆ ಎದ್ದಿರುವುದು ಕಲ್ಲಿನಿಂದ ಮತ್ತು ಸುರ್ಕಿ ಗಾರೆಯಿಂದ. ಅದರ ನೀರೇ ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಮಂಡ್ಯ, ಮದ್ದೂರು, ಮಳವಳ್ಳಿಗಳ ಗದ್ದೆಗಳನ್ನು ತಣಿಸುತ್ತಿದೆ. ಮನೆಗೂ ರಸ್ತೆಗೂ ಜಲ್ಲಿ ಬೇಕು. ಕ್ವಾರಿಯ ಕೂಲಿಯನ್ನು ನಂಬಿದ ಸಂಸಾರಗಳೂ ಇವೆ.

ಆದರೆ ಕಡಿದ ಮರದ ಬದಲು ಸಸಿ ನೆಡಬಹುದು. ಒಡೆದ ಬೆಟ್ಟಕ್ಕೆ ಬದಲಿಲ್ಲ. ಕಟ್ಟೆಯ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆ ಕೂಡದೆಂದು ಉಚ್ಚ ನ್ಯಾಯಾಲಯವು 2024ರಲ್ಲಿ ಆದೇಶಿಸಿತು. ಅಲ್ಲಿಯ ಚಿಂತೆ ಕಟ್ಟೆಯ ಕ್ಷೇಮದ್ದು, ಅದು ಸರಿಯೇ. ಕಟ್ಟೆ ಹತ್ತಿರವಿಲ್ಲದ ಗುಡ್ಡಗಳ ಪರವಾಗಿ ಮಾತನಾಡುವವರು ಯಾರು? ದೇವಸ್ಥಾನವಿದ್ದರೆ ಬೆಟ್ಟಕ್ಕೆ ಒಂದಿಷ್ಟು ಕಾವಲು. ಕಥೆಯೂ ಗುಡಿಯೂ ಇಲ್ಲದ ಗುಡ್ಡ ಕೇಳುವವರಿಲ್ಲದೆ ಜಲ್ಲಿಯಾಗುತ್ತದೆ.

ಬೆಂಗಳೂರಿನ ಲಾಲ್‌ಬಾಗಿನ ಬಂಡೆಯೂ ಇದೇ ನೈಸ್ ಶಿಲೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿದೆ. ನಮ್ಮಲ್ಲಿಯೂ ಪ್ರತಿ ತಾಲ್ಲೂಕಿನಲ್ಲಿ ಮುಟ್ಟಬಾರದ ಗುಡ್ಡಗಳು ಯಾವುವೆಂದು ಮೊದಲು ಗೊತ್ತುಮಾಡಿ, ಆಮೇಲೆ ಕ್ವಾರಿಗೆ ಪರವಾನಗಿ ಕೊಡುವುದು ಯೋಗ್ಯವೆಂದು ನನ್ನ ಅಭಿಪ್ರಾಯ. ಆ ಪಟ್ಟಿಯ ಕೆಲಸವನ್ನು ನಮ್ಮ ಭೂಗೋಳದ ವಿದ್ಯಾರ್ಥಿಗಳೇ ಆರಂಭಿಸಬಹುದು. ಗುಡ್ಡದ ಹೆಸರು, ಕಲ್ಲಿನ ಜಾತಿ, ಬುಡದ ಕೆರೆ, ಊರಿನವರು ಹೇಳುವ ಕಥೆ, ಇಷ್ಟನ್ನು ಬರೆದಿಟ್ಟರೆ ಸಾಕು. ಅಧ್ಯಾಪಕರು ದಾರಿ ತೋರಿಸುವುದಾದರೆ ನಾವು ನಡೆಯಲು ಸಿದ್ಧರಿದ್ದೇವೆ.